ಬಾಗಿಲ ಸುತ್ತಲಿನ ಗೋಡೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಕಟ್ಟುವವನ ತಾಳ್ಮೆ ಪರೀಕ್ಷೆಗೆ ಒಳಗಾಗುವುದು ಅಡಿಪಾಯದಲ್ಲಿ ಮಾತ್ರವಲ್ಲ. ಕೆಲಸವೆಲ್ಲ ಮುಗಿಯಿತೆಂದು ತೋರುವ ಗಳಿಗೆಯಲ್ಲಿಯೂ ಹೌದು. ಅಮೆರಿಕದ ಮನೆಗಳ ಬಾಗಿಲು ಇದಕ್ಕೊಂದು ನಿದರ್ಶನ.

ನಮ್ಮಲ್ಲಿ ಗೋಡೆಯೆಂದರೆ ಸಾಮಾನ್ಯವಾಗಿ ಇಟ್ಟಿಗೆ ಇಲ್ಲವೆ ಕಲ್ಲು, ಅದರ ಮೇಲೆ ಗಾರೆ. ಅಮೆರಿಕದ ಬಹುಪಾಲು ಮನೆಗಳಲ್ಲಿ ಮರದ ಕಂಬಗಳೇ ಗೋಡೆಯ ಎಲುಬು. ಅವುಗಳ ಎರಡು ಮಗ್ಗುಲಿಗೂ ಕಾಗದ ಹೊದಿಸಿದ ಜಿಪ್ಸಂ ಹಲಗೆಗಳನ್ನು ಜಡಿಯುತ್ತಾರೆ. ಇಂತಹ ಹಲಗೆಯ ಪೂರ್ವರೂಪಕ್ಕೆ ಆಗಸ್ಟೀನ್ ಸ್ಯಾಕೆಟ್ ಎಂಬಾತನು 1894ರಲ್ಲಿ ಪೇಟೆಂಟ್ ಪಡೆದನು. ಹಸಿ ಗಾರೆ ಒಣಗುವವರೆಗೆ ಕಾಯಬೇಕಾಗಿಲ್ಲವಾದುದರಿಂದ ಎರಡನೆಯ ಮಹಾಯುದ್ಧದ ತರುವಾಯ ಈ ಪದ್ಧತಿ ವ್ಯಾಪಕವಾಯಿತು. ಇಂದು ನಮ್ಮ ನಗರಗಳ ಕಚೇರಿಗಳಲ್ಲಿಯೂ ಅಡ್ಡಗೋಡೆಗಳಿಗೆ ಈ ಹಲಗೆಗಳನ್ನು ಬಳಸುವುದುಂಟು.

ಇಲ್ಲಿ ಲೆಕ್ಕ ಸರಳವಾದುದು. ಕಂಬದ ಅಗಲ 3½ ಅಂಗುಲ. ಎರಡು ಬದಿಯ ಹಲಗೆಗಳು ತಲಾ ½ ಅಂಗುಲ. ಒಟ್ಟು ದಪ್ಪ 4½ ಅಂಗುಲ. ಬಾಗಿಲ ಚೌಕಟ್ಟನ್ನು ಇದಕ್ಕಿಂತ ಒಂದಂಗುಲದ ಹದಿನಾರನೆಯ ಒಂದು ಪಾಲಿನಷ್ಟು ಹೆಚ್ಚು ಅಗಲವಾಗಿ ಮಾಡುವುದು ರೂಢಿ. ಆದರೆ ಮರ ಲೆಕ್ಕಕ್ಕೆ ಬಗ್ಗುವುದಿಲ್ಲ. ಒಂದು ಕಂಬ ಸೊಟ್ಟಗಿರಬಹುದು. ಹಲಗೆಗಳ ಸಂದಿಯಲ್ಲಿ ಮೆತ್ತಿದ ಲೇಪ ಉಬ್ಬಿ ನಿಂತಿರಬಹುದು. ಆಗ ಗೋಡೆಯು ಚೌಕಟ್ಟಿಗಿಂತ ಮುಂದೆ ಚಾಚುತ್ತದೆ. ಇವೆರಡರ ನಡುವಣ ಸಂದನ್ನು ಮುಚ್ಚುವ ಮರದ ಅಂಚುಪಟ್ಟಿ ಓರೆಯಾಗಿ ಕೂರುತ್ತದೆ. 45 ಡಿಗ್ರಿಗೆ ಕೊಯ್ದ ಅದರ ಮೂಲೆಗಳು ಬಾಯಿ ತೆರೆಯುತ್ತವೆ. ಮೊಳೆ ಹೊಡೆದು ಬಲವಂತವಾಗಿ ಅದುಮಿದರೆ ಪಟ್ಟಿ ಸೀಳುವ ಭಯವುಂಟು.

ಬಲ್ಲ ಬಡಗಿ ಮೊದಲು ನೇರವಾದ ಪಟ್ಟಿಯೊಂದನ್ನು ಗೋಡೆಯ ಮೇಲಿಟ್ಟು ಉಬ್ಬುತಗ್ಗುಗಳನ್ನು ನೋಡುತ್ತಾನೆ. ಬಳಿಕ ಅಂಚುಪಟ್ಟಿಯು ಮುಚ್ಚುವ ಎಲ್ಲೆಯನ್ನು ಪೆನ್ಸಿಲಿನಿಂದ ಗುರುತಿಸುತ್ತಾನೆ. ಹಲಗೆ ಸಡಿಲವಾಗಿದ್ದರೆ ಸ್ಕ್ರೂಗಳಿಂದ ಕಂಬಕ್ಕೆ ಬಿಗಿಯುತ್ತಾನೆ. ಉಬ್ಬು ಅಲ್ಪವಾಗಿದ್ದರೆ ಆ ಎಲ್ಲೆಯೊಳಗೆ ಮಾತ್ರ ಒರಟು ಅರದಿಂದ ಉಜ್ಜುತ್ತಾನೆ, ಇಲ್ಲವೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಜಿಪ್ಸಮನ್ನು ಅಣಗಿಸುತ್ತಾನೆ. ಗೋಡೆ ಹೆಚ್ಚು ದಪ್ಪವಾಗಿದ್ದರೆ ಅದನ್ನು ಕೆರೆಯುವುದಕ್ಕೆ ಬದಲಾಗಿ ಚೌಕಟ್ಟಿನ ಅಂಚಿಗೇ ತೆಳುವಾದ ಮರದ ಪಟ್ಟಿಯನ್ನು ಸೇರಿಸುತ್ತಾನೆ. ಗೋಡೆಯೇ ತಗ್ಗಾಗಿದ್ದಲ್ಲಿ ಚೌಕಟ್ಟಿನ ಅಂಚನ್ನು ಉಜ್ಜುಗೊರಡಿನಿಂದ ತೆಗೆಯುತ್ತಾನೆ. ಅಥವಾ ಗೋಡೆಗೆ ತೆಳ್ಳಗೆ ಲೇಪ ಹಚ್ಚಿ, ಒಣಗಿದ ಮೇಲೆ ಮತ್ತೊಂದು ಲೇಪ ಕೊಡುತ್ತಾನೆ.

ಹಳೆಯ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯಕ. ಕಲ್ನಾರು ಬೆರೆತ ಲೇಪವನ್ನು ಅಮೆರಿಕವು 1977ರಲ್ಲಿಯೂ, ಮನೆಗಳಿಗೆ ಹಚ್ಚುವ ಸೀಸದ ಬಣ್ಣವನ್ನು 1978ರಲ್ಲಿಯೂ ನಿಷೇಧಿಸಿತು. ಅದಕ್ಕೆ ಮುಂಚಿನ ಗೋಡೆಯನ್ನು ಪರೀಕ್ಷೆ ಮಾಡಿಸದೆ ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು. ಸೀಸವಂತೂ ಎಳೆಯ ಮಕ್ಕಳ ಬುದ್ಧಿಬೆಳವಣಿಗೆಗೇ ಕಂಟಕ.

ಕೆಲಸ ಮುಗಿದ ಮೇಲೆ ಈ ಶ್ರಮವೆಲ್ಲ ಪಟ್ಟಿಯ ಹಿಂದೆ ಮರೆಯಾಗುತ್ತದೆ. ಮನೆಯವರಿಗೆ ಕಾಣುವುದು ಕೂಡಿದ ಮೂಲೆ ಮಾತ್ರ. ಆದರೆ ಯಾರೂ ನೋಡದ ಆ ಒಂದೆರಡು ಅಂಗುಲವನ್ನು ಸಮಮಾಡದೆ ಬಿಟ್ಟಿದ್ದರೆ ಆ ಮೂಲೆ ಕೂಡುತ್ತಿರಲಿಲ್ಲ.