ಏಳು ತೂತುಗಳ ತಗಡು

ಸರ್ಸಿನಸ್ ಗ್ಯಾಲಕ್ಸಿ ಇರುವುದು ನಮ್ಮಿಂದ ಸುಮಾರು 1.3 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ವಿಶ್ವದ ಲೆಕ್ಕದಲ್ಲಿ ಪಕ್ಕದ ಮನೆಯೇ. ಆದರೂ ಅದು ಪತ್ತೆಯಾದದ್ದು 1970ರ ದಶಕದಲ್ಲಿ. ಅಲ್ಲಿಯವರೆಗೂ ನಮ್ಮ ಆಕಾಶಗಂಗೆಯ ಧೂಳಿನ ಮರೆಯಲ್ಲಿ ಕೂತಿತ್ತು. ಅದರ ನಡುವೆ ಒಂದು ಕಪ್ಪುಕುಳಿ ಸುತ್ತಲಿನ ಅನಿಲ, ಧೂಳನ್ನೆಲ್ಲ ಸೆಳೆದು ನುಂಗುತ್ತಿದೆ.

ಇಂಥ ಸಕ್ರಿಯ ಗ್ಯಾಲಕ್ಸಿಗಳ ವಿಷಯದಲ್ಲಿ 1990ರ ದಶಕದಿಂದಲೂ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ. ನಡುವಿನಿಂದ ಬರುವ ಅವಕೆಂಪು ಬೆಳಕು, ಇರಬೇಕಾದ್ದಕ್ಕಿಂತ ಹೆಚ್ಚು. ಅದು ಬಿಸಿ ಧೂಳಿನದು, ಸರಿ. ಆದರೆ ಯಾವ ಧೂಳು? ಕುಳಿಗೆ ಉಣಿಸುವ ಉಂಗುರದ್ದೋ, ಹೊರಕ್ಕೆ ಚಿಮ್ಮುತ್ತಿರುವುದೋ? ಹಲವರ ಒಲವು ಎರಡನೆಯದರ ಕಡೆಗಿತ್ತು.

ವೆಬ್ ಬಾಹ್ಯಾಕಾಶ ದೂರದರ್ಶಕದ 6.5 ಮೀಟರ್ ಕನ್ನಡಿಗೂ ಈ ಎರಡನ್ನು ಬಿಡಿಸಿ ನೋಡುವುದು ಕಷ್ಟ. ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಎನ್ರಿಕೆ ಲೋಪೆಸ್-ರೊಡ್ರಿಗೆಸ್ ನೇತೃತ್ವದ ತಂಡ ಆಗ ಮೊರೆಹೋದದ್ದು ವೆಬ್‌ನ ನಿರಿಸ್ ಉಪಕರಣದೊಳಗಿನ ಪುಟ್ಟ ತಗಡಿಗೆ. ಅದರಲ್ಲಿ ಆರು ಮೂಲೆಯ ಏಳು ತೂತುಗಳು. ಒಳಗೆ ಬಿಡುವುದು ನೂರಕ್ಕೆ ಸುಮಾರು 15 ಪಾಲು ಬೆಳಕನ್ನು ಮಾತ್ರ. ಬಂಗಾರ ಲೇಪಿಸಿದ ಕನ್ನಡಿ ಕಳಿಸಿ, ಅದು ಹಿಡಿದ ಬೆಳಕನ್ನು ತಾವೇ ತಡೆಯುವುದೆಂದರೆ! ಗುಟ್ಟು ತೂತುಗಳ ಜಾಗದಲ್ಲಿದೆ. ಏಳರಿಂದ 21 ಜೋಡಿ. ಯಾವ ಎರಡು ಜೋಡಿಗಳ ಅಂತರವೂ ದಿಕ್ಕೂ ಒಂದೇ ಅಲ್ಲ. ಪ್ರತಿ ಜೋಡಿಯ ಬೆಳಕೂ ಬೆರೆತು ತನ್ನದೇ ಪಟ್ಟೆಗಳನ್ನು ಮೂಡಿಸುತ್ತದೆ. ಕಲಸಿಹೋದ ಆ ಪಟ್ಟೆಗಳಿಂದ ಗಣಕದಲ್ಲಿ ಚಿತ್ರ ಕಟ್ಟಿದರೆ, ಪುಟ್ಟ ಜಾಗದ ಮಟ್ಟಿಗೆ 13 ಮೀಟರ್ ಕನ್ನಡಿಯ ಸೂಕ್ಷ್ಮತೆ ದಕ್ಕುತ್ತದೆ.

2024ರ ಜುಲೈ ಮತ್ತು 2025ರ ಮಾರ್ಚ್‌ನಲ್ಲಿ ಸರ್ಸಿನಸ್‌ನತ್ತ ನೋಡಿದರು. 2026ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ಎಣಿಕೆಯನ್ನು ತಲೆಕೆಳಗು ಮಾಡಿತು: ಬಿಸಿ ಧೂಳಿನ ಬೆಳಕಿನಲ್ಲಿ ಸುಮಾರು ಶೇ. 87 ಕುಳಿಯ ಪಕ್ಕದ ಉಂಗುರದಿಂದಲೇ. ಹೊರಚಿಮ್ಮುವ ಧೂಳಿನ ಪಾಲು ಶೇ. 1ಕ್ಕೂ ಕಡಿಮೆ. ಉಳಿದದ್ದು ಇನ್ನೂ ದೂರದ ಧೂಳಿನದು.

ಎಲ್ಲ ಗ್ಯಾಲಕ್ಸಿಗಳಿಗೂ ಇದನ್ನೇ ಅನ್ವಯಿಸಲು ತಂಡ ಹೊರಟಿಲ್ಲ. ಸರ್ಸಿನಸ್‌ನ ನಡುವಿನ ಬೆಳಕು ಸಾಧಾರಣ ಪ್ರಖರತೆಯದು. ಇನ್ನೂ ಪ್ರಖರವಾದ ಕಡೆ ಚಿಮ್ಮುವ ಧೂಳಿನದೇ ಮೇಲುಗೈ ಇರಬಹುದು. ಹನ್ನೆರಡೋ ಇಪ್ಪತ್ನಾಲ್ಕೋ ಕಪ್ಪುಕುಳಿಗಳನ್ನಾದರೂ ಹೀಗೆ ನೋಡಬೇಕೆನ್ನುತ್ತಾರೆ ಲೋಪೆಸ್-ರೊಡ್ರಿಗೆಸ್.