ಮುಳುಗು ತಜ್ಞರ ಬಾಯಿಗೂ ಒಂದು ಕಡಿವಾಣ!

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಆಗ ಗಂಗಾವಳಿ ನದಿಗೆ ಇಳಿದ ಮುಳುಗು ತಜ್ಞರನ್ನು ನೀವೂ ಟೀವಿಯಲ್ಲಿ ನೋಡಿರುತ್ತೀರಿ. ನೌಕಾಪಡೆಯವರಿದ್ದರು, ಮಲ್ಪೆಯ ಈಶ್ವರ್ ಮಲ್ಪೆ ಇದ್ದರು. ಕೆಂಪು ನೀರು, ಜೋರು ಸೆಳೆತ. ನದಿಯಲ್ಲಿ ಹೂತುಹೋಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ನಮ್ಮ ರಾಯದುರ್ಗ, ಮಡಕಶಿರ ಸೀಮೆಗೆ ಬರುವ ತೆಲುಗು ಪೇಪರುಗಳಲ್ಲಿ ಇಂಥವರಿಗೆ ‘ಗಜ ಈತಗಾಳ್ಳು’ ಎಂಬ ಹೆಸರು. ಆನೆಯಂಥ ಈಜುಗಾರನಾದರೂ ಸಿಲಿಂಡರ್ ಕಟ್ಟಿಕೊಂಡು ಇಳಿದ ಮೇಲೆ ಅವನ ಪ್ರಾಣ ನಿಂತಿರುವುದು ಹಲ್ಲಿನಲ್ಲಿ ಕಚ್ಚಿ ಹಿಡಿದ ಅಂಗೈಯಗಲದ ರಬ್ಬರ್ ತುಂಡಿನ ಮೇಲೆ.

ಪ್ರಜ್ಞೆ ತಪ್ಪಿ ಹಲ್ಲು ಸಡಿಲವಾದರೆ? ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದೇ ತಲೆಯ ಹಿಂದಿನಿಂದ ಬಿಗಿಯುವ ಒಂದು ಪಟ್ಟಿ. ಕುದುರೆಯ ಕಡಿವಾಣ, ತೆಲುಗಿನ ‘ಕಳ್ಳೆಂ’ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಯಲ್ಲೊಂದು ತುಂಡು, ಅದು ಜಾರದಂತೆ ಕಿವಿಯ ಹಿಂದಕ್ಕೆ ಹೋಗುವ ಪಟ್ಟಿ.

ಸಮುದ್ರ ಎಲ್ಲಿ, ನಾವೆಲ್ಲಿ ಎನ್ನಬೇಡಿ. ವೇದಾವತಿಗೆ ನೀರು ಬಂತೆಂದರೆ ಭೈರವಾನಿತಿಪ್ಪ ಡ್ಯಾಂ ನೋಡಲು ಹೊರಡುವ ಜನ ನಾವು, ಸರಿ. ಆದರೆ ನೌಕಾಪಡೆಗೆ ಸೇರಬೇಕೆನ್ನುವ ಹುಡುಗರು ನಮ್ಮಲ್ಲೂ ಇದ್ದಾರೆ. ಆ ಪಡೆಯ ಮುಳುಗು ತರಬೇತಿ ಶಾಲೆ ಕೊಚ್ಚಿಯಲ್ಲಿದೆ. ಅದಕ್ಕಿಂತ ಹತ್ತಿರದ ಮಾತು ನಮ್ಮ ಹಾಳು ಬಾವಿಗಳದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬಿಟ್ಟ ಉಸಿರನ್ನೇ ಮತ್ತೆ...

ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಪ್ರವಾಸಿಗರು ಮಾಡುವುದು ಸಾದಾ ಸ್ಕೂಬಾ. ಸಿಲಿಂಡರಿನ ಗಾಳಿ ಎಳೆದುಕೊಂಡು, ಉಸಿರನ್ನು ಗುಳ್ಳೆಯಾಗಿ ನೀರಿಗೆ ಬಿಡುತ್ತಾರೆ. ಲೆಕ್ಕ ಹಾಕಿದರೆ ಇದು ದುಂದುವೆಚ್ಚ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ಶೇ. 21, ಹೊರಗೆ ಬಿಡುವಾಗಲೂ ಶೇ. 16-17 ಉಳಿದೇ ಇರುತ್ತದೆ. ಜೊತೆಗೆ ಶೇ. 4ರಷ್ಟು ಇಂಗಾಲದ ಡೈಆಕ್ಸೈಡ್ ಸೇರಿರುತ್ತದೆ, ಅಷ್ಟೆ.

ರಿಬ್ರೀದರ್ ಎಂಬ ಯಂತ್ರ ಈ ಉಸಿರನ್ನು ಚೆಲ್ಲುವುದಿಲ್ಲ. ಕೊಳವೆಯಲ್ಲಿ ಅದನ್ನು ಡಬ್ಬಿಯೊಂದಕ್ಕೆ ಒಯ್ಯುತ್ತದೆ. ಡಬ್ಬಿಯಲ್ಲಿ ಸೋಡಾ ಲೈಮ್ ಕಾಳು, ಅಂದರೆ ಬಹುಪಾಲು ನಮ್ಮ ಎಲೆಯಡಿಕೆಯ ಸುಣ್ಣವೇ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಊದಿದಾಗ ಬೆಳ್ಳಗಾಗುತ್ತಿತ್ತಲ್ಲ, ಅದೇ ಗುಣದಿಂದ ಇದು ಕೆಟ್ಟ ಗಾಳಿಯನ್ನು ಹಿಡಿದಿಡುತ್ತದೆ. ಕಡಿಮೆಯಾದಷ್ಟು ಆಮ್ಲಜನಕ ಸೇರಿಸಿ ಉಸಿರು ಮತ್ತೆ ಬಾಯಿಗೆ ಬರುತ್ತದೆ. ಗುಳ್ಳೆಯಿಲ್ಲ, ಸದ್ದಿಲ್ಲ. ಆದ್ದರಿಂದ ಇದು ಸೈನ್ಯಕ್ಕೂ ಬೇಕು, ಆಳದ ಗುಹೆಗಳಿಗೆ ಇಳಿಯುವವರಿಗೂ ಬೇಕು.

ತೊಂದರೆ ಇರುವುದೂ ಇಲ್ಲಿಯೇ. ಆಮ್ಲಜನಕ ಕಡಿಮೆಯಾದರೆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಉಸಿರು ಕಟ್ಟುವುದಿಲ್ಲ, ಎದೆ ಹಿಡಿಯುವುದಿಲ್ಲ, ದೀಪ ಆರಿದಂತೆ ಪ್ರಜ್ಞೆ ಹೋಗುತ್ತದೆ. ಹೆಚ್ಚಾದರೆ ಫಿಟ್ಸ್ ಬರಬಹುದು. ಬರೀ ಆಮ್ಲಜನಕ ಉಸಿರಾಡುವವರು ಸುಮಾರು 6 ಮೀಟರಿಗಿಂತ ಕೆಳಗೆ ಇಳಿಯಬಾರದು ಎನ್ನುವುದು ಈ ಕಾರಣಕ್ಕೆ. ಸುಣ್ಣದ ಶಕ್ತಿ ಮುಗಿದರೆ ಕೆಟ್ಟ ಗಾಳಿ ಏರಿ ತಲೆ ಸಿಡಿದು ಮಂಕು ಕವಿಯುತ್ತದೆ. ಮೂರರಲ್ಲಿ ಯಾವುದಾದರೂ ದವಡೆ ಬಿಗಿ ತಪ್ಪುತ್ತದೆ, ತುಂಡು ಬಾಯಿಂದ ಬೀಳುತ್ತದೆ, ಮುಂದಿನ ಉಸಿರಿಗೆ ಒಳಗೆ ಹೋಗುವುದು ನೀರು. ಕೊನೆಗೆ ಕೊಲ್ಲುವುದು ಗಾಳಿಯಲ್ಲ, ನೀರು.

ಪಟ್ಟಿ ಉಳಿಸಿದ್ದೆಷ್ಟು?

ಫ್ರಾನ್ಸಿನ ಸೇನಾ ವೈದ್ಯರು 1979ರಿಂದ 2009ರವರೆಗೆ ತಮ್ಮ ಮುಳುಗುಗಾರರಿಗೆ ರಿಬ್ರೀದರಿನಿಂದಾದ 153 ಅವಘಡಗಳನ್ನು ಕಲೆಹಾಕಿ 2011ರಲ್ಲಿ ಪ್ರಕಟಿಸಿದರು. ಅವರಲ್ಲಿ 54 ಮಂದಿಗೆ ಪ್ರಜ್ಞೆ ತಪ್ಪಿತ್ತು. ನೀರಲ್ಲಿ ಮುಳುಗಿ ಸತ್ತವರು ಮೂವರು ಮಾತ್ರ! ಅಲ್ಲಿ ಬಾಯಿಪಟ್ಟಿ ಕಟ್ಟುತ್ತಾರೆ, ಜೊತೆಗಾರನಿಗೆ ಹಗ್ಗದಿಂದ ತಗುಲಿಸಿಕೊಂಡೂ ಇರುತ್ತಾರೆ. ಎರಡೂ ಸೇರಿ ಉಳಿಸಿದವು ಎಂದೇ ಹೇಳಬೇಕು. ಪಟ್ಟಿ ನೀರನ್ನು ತಡೆಯುತ್ತದೆ, ಮೇಲೆತ್ತುವುದಕ್ಕೆ ಇನ್ನೊಬ್ಬ ಬೇಕೇ ಬೇಕು. 2023ರಲ್ಲಿ ಮಾಲ್ಟಾದಲ್ಲಿ ಸೇರಿದ್ದ ರಿಬ್ರೀದರ್ ತಜ್ಞರ ಸಭೆಯೂ ಪಟ್ಟಿಯನ್ನು ಸರಿಯಾಗಿ ಕಟ್ಟಿ ಬಳಸಿ ಎಂದೇ ಹೇಳಿತು.

ಥಾಯ್ಲೆಂಡಿನ ಗುಹೆಯ 12 ಹುಡುಗರು ನೆನಪಿದ್ದಾರೆಯೇ? 2018ರ ಜುಲೈ 8ರಿಂದ 10ರವರೆಗೆ ಅವರನ್ನೂ ಅವರ ಕೋಚನ್ನೂ ಹೊರತಂದದ್ದು ಮತ್ತಿನ ಮದ್ದು ಕೊಟ್ಟು, ಮುಖವಿಡೀ ಮುಚ್ಚುವ ಮಾಸ್ಕನ್ನು ಪಟ್ಟಿಗಳಿಂದ ಬಿಗಿದು. ಅದು ಬೇರೆ ಸಾಧನ ನಿಜ. ಆದರೆ ಪ್ರಜ್ಞೆಯಿಲ್ಲದವನೂ ನೀರಿನಡಿ ಉಸಿರಾಡಬಲ್ಲ, ಮುಖದಿಂದ ಮಾಸ್ಕ್ ಜಾರದಿದ್ದರೆ ಸಾಕು ಎಂಬುದು ಲೋಕಕ್ಕೆಲ್ಲ ಕಂಡಿತು.

ರೂಢಿ ಮಾಡಿಕೊಳ್ಳುವುದು ಹೇಗೆ?

ಇಷ್ಟಿದ್ದರೂ ಬಹಳ ಜನ ಪಟ್ಟಿಯನ್ನು ಬಿಚ್ಚಿ ಮೂಲೆಗೆಸೆಯುತ್ತಾರೆ. ಸಾದಾ ಸ್ಕೂಬಾ ಕಲಿತು ಬಂದವರಿಗೆ ಬೇಕಾದಾಗ ತುಂಡನ್ನು ಉಗುಳಿ ಇನ್ನೊಂದನ್ನು ಬಾಯಿಗಿಟ್ಟುಕೊಳ್ಳುವ ಅಭ್ಯಾಸ. ಇಲ್ಲಿ ಉಗುಳಲಾಗದು. ಎತ್ತಿನ ಬಾಯಿಗೆ ಕುಕ್ಕೆ ಹಾಕಿದಂತಾಯಿತು ಎಂದು ಜೀವ ಚಡಪಡಿಸುತ್ತದೆ. ಈ ದಿಗಿಲು ಸುಳ್ಳಲ್ಲ, ಬೈದರೆ ಹೋಗುವಂಥದ್ದೂ ಅಲ್ಲ. ಅಭ್ಯಾಸದಿಂದಲೇ ಹೋಗಬೇಕು.

ಮೊದಲು ಮನೆಯಲ್ಲಿ, ಕುರ್ಚಿಯಲ್ಲಿ ಕೂತು. ಕೊಳವೆಗಳನ್ನು ಬಿಚ್ಚಿ ಬಾಯಿತುಂಡು ಮಾತ್ರ ಕಟ್ಟಿಕೊಳ್ಳಿ, ಆಗ ಎಳೆಯುವುದು ಕೋಣೆಯ ಗಾಳಿಯನ್ನೇ. ಯಂತ್ರ ಜೋಡಿಸಿಕೊಂಡು ಒಬ್ಬರೇ ಕೂತು ಉಸಿರಾಡುವ ಪ್ರಯೋಗ ಖಂಡಿತ ಬೇಡ, ನೆಲದ ಮೇಲೂ ಪ್ರಜ್ಞೆ ತಪ್ಪೀತು. ಐದು ನಿಮಿಷ, ಹತ್ತು ನಿಮಿಷ, ಬೇಕಾದರೆ ಟೀವಿ ನೋಡುತ್ತಾ. ಜೊಲ್ಲು ಸುರಿಯುತ್ತದೆ, ನುಂಗಿಕೊಳ್ಳಿ. ಮನೆಯವರು ನಗುತ್ತಾರೆ, ನಗಲಿ.

ಆಮೇಲೆ ದವಡೆಯನ್ನು ಬೇಕೆಂದೇ ಸಡಿಲ ಬಿಡಿ. ತುಂಡು ಕದಲದೆ, ಅದರ ಅಂಚಿನ ರಬ್ಬರ್ ತುಟಿಗೆ ಮೆತ್ತಿಕೊಂಡೇ ಇರಬೇಕು. ತುಟಿಯ ಮೂಲೆಯಲ್ಲಿ ಗಾಳಿ ಸೋರಿದರೆ ಪಟ್ಟಿ ಸಡಿಲ ಎಂದರ್ಥ. ಕುತ್ತಿಗೆಗೆ ಹಾರದಂತೆ ಜೋತುಬಿದ್ದ ಪಟ್ಟಿ ಇದ್ದೂ ಇಲ್ಲದಂತೆ. ತುಂಡು ಕಳೆದುಹೋಗದು ಅಷ್ಟೆ, ನೀರು ನುಗ್ಗುವುದು ನುಗ್ಗಿಯೇ ನುಗ್ಗುತ್ತದೆ. ಪಟ್ಟಿ ಕಿವಿಯ ಕೆಳಗಿನಿಂದ ಹಿಂದಲೆಗೆ ಹೋಗಲಿ. ಕನ್ನಡಕದ ಮಾಸ್ಕಿನ ಪಟ್ಟಿ ಅದಕ್ಕಿಂತ ಮೇಲಿರಲಿ, ಒಂದನ್ನು ತೆಗೆದರೆ ಇನ್ನೊಂದು ಜೊತೆಗೆ ಬರಬಾರದು. ಒಂದು ಲಾಭ ಬೇಗ ಗೊತ್ತಾಗುತ್ತದೆ: ಗಂಟೆಗಟ್ಟಲೆ ಕಚ್ಚಿ ಹಿಡಿಯುವ ಕಷ್ಟ ತಪ್ಪಿ ದವಡೆ ನೋವು ಇಳಿಯುತ್ತದೆ. ಅನೇಕರು ಪಟ್ಟಿಗೆ ಒಗ್ಗುವುದು ಈ ಸುಖಕ್ಕೇ ಇರಬೇಕು ಎಂದು ನನ್ನ ಅನುಮಾನ.

ಮುಖ್ಯವಾದ ಪಾಠ ಬಿಚ್ಚುವುದು. ಯಂತ್ರ ಕೈಕೊಟ್ಟರೆ ಪಕ್ಕದ ತುರ್ತು ಸಿಲಿಂಡರಿಗೆ ಬಾಯಿ ಬದಲಿಸಬೇಕು. ಮೊದಲು ತುಂಡಿನ ಮೇಲಿನ ಸನ್ನೆ ತಿರುಗಿಸಿ ಬಾಯಿ ಮುಚ್ಚಬೇಕು, ಆಮೇಲೇ ಪಟ್ಟಿ ಸರಿಸಬೇಕು. ಹಿಂದುಮುಂದಾದರೆ ನೀರು ಒಳನುಗ್ಗಿ ಸುಣ್ಣ ಕಲಸಿ ಬಾಯಿಗೆ ಬರುತ್ತದೆ. ಎಲೆಗೆ ಸುಣ್ಣ ಹೆಚ್ಚಾಗಿ ಬಾಯಿ ಬೆಂದವರಿಗೆ ಅದರ ರುಚಿ ಗೊತ್ತು, ಇದು ಅದಕ್ಕಿಂತ ಕೆಟ್ಟದ್ದು. ಒಂದೇ ಕೈಯಲ್ಲಿ, ಕಣ್ಣು ಮುಚ್ಚಿ, ಗ್ಲೌಸ್ ಹಾಕಿಕೊಂಡು ಇದನ್ನು ಮಾಡಲು ಬರಬೇಕು. ನೆಲದ ಮೇಲೆ ಹತ್ತಾರು ಸಲ ಮಾಡಿ, ನಂತರ ಸೊಂಟದ ನೀರಿನಲ್ಲಿ, ಗುರುಗಳ ಕಣ್ಣೆದುರು. ಸನ್ನೆ ತಿರುಗಿಸಿದರೆ ಸಾಕು, ಬಾಯಿಂದ ತೆಗೆಯದೆಯೇ ತುರ್ತು ಗಾಳಿ ಬರುವ ತುಂಡುಗಳೂ ಇವೆ. ದುಡ್ಡಿದ್ದವರಿಗೆ ಅದೇ ವಾಸಿ.

ಇನ್ನು ನಮ್ಮ ಬಾವಿ

2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹಾಳು ಬಾವಿಗಳು ಎರಡೂ ಕಡೆ ಉಳಿದಿವೆ. ಹೂಳು ತೆಗೆಯಲೋ ಬಿದ್ದ ಮೇಕೆ ಎತ್ತಲೋ ಇಳಿದವನಿಗೆ ಆಗುವುದೂ ರಿಬ್ರೀದರಿನಲ್ಲಿ ಆಗುವುದೇ. ಆಮ್ಲಜನಕ ಕಡಿಮೆ, ಮುನ್ಸೂಚನೆ ಇಲ್ಲ, ಕೈ ಸಡಿಲ. ಅವನನ್ನು ಎತ್ತಲು ಅಣ್ಣನೋ ತಮ್ಮನೋ ಇಳಿದರೆ ಅವನಿಗೂ ಅದೇ ಗತಿ. ಮೂಗಿಗೆ ಒದ್ದೆ ಟವೆಲ್ ಕಟ್ಟಿದರೆ ಆಮ್ಲಜನಕ ಹುಟ್ಟುವುದಿಲ್ಲ.

ಹಿರಿಯರು ಲಾಂದ್ರ ಇಳಿಬಿಡುತ್ತಿದ್ದರು. ಆರಿದರೆ ಇಳಿಯಲೇಬಾರದು, ಸರಿ. ಉರಿದರೆ ಇಳಿಯಬಹುದು ಎಂಬುದು ಮಾತ್ರ ತಪ್ಪು. ಬಾವಿಯೊಳಗೆ ಆಯಿಲ್ ಇಂಜಿನ್ ಓಡಿಸಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿರುತ್ತದೆ. ಅದಕ್ಕೆ ದೀಪ ಆರುವುದಿಲ್ಲ, ಮನುಷ್ಯ ಆರುತ್ತಾನೆ. ಅಗ್ನಿಶಾಮಕದವರ ಉಸಿರಾಟದ ಸಾಧನಕ್ಕೆ ಕಚ್ಚುವ ತುಂಡಿನ ಬದಲು ತಲೆಗೆ ಪಟ್ಟಿಗಳಿಂದ ಬಿಗಿಯುವ ಪೂರ್ತಿ ಮುಖದ ಮಾಸ್ಕ್ ಇರುತ್ತದೆ. ತೊಟ್ಟವನಿಗೆ ಪ್ರಜ್ಞೆ ತಪ್ಪಿದರೂ ಅದು ಮುಖ ಬಿಡುವುದಿಲ್ಲ. ಅವರನ್ನು ಕರೆಯಲು 101 ಅಥವಾ 112. ಅವರು ಬರುವವರೆಗೆ ಮೇಲಿನಿಂದ ಹಗ್ಗ ಬಿಡಿ, ಕೆಳಗಿದ್ದವನಿಗೆ ಎಚ್ಚರವಿದ್ದರೆ ಸೊಂಟಕ್ಕೆ ಕಟ್ಟಿಕೊಳ್ಳಲು ಕೂಗಿ ಹೇಳಿ. ಇನ್ನೊಬ್ಬರನ್ನು ಇಳಿಸಬೇಡಿ.