ಮಿಕ್ಸಿ ರಿಪೇರಿಗೆ, ಹಳೆ ಫ್ರಿಜ್ಜು ಲೆಕ್ಕಕ್ಕೆ

“ಇನ್ನೊಂದಿಷ್ಟು ಹಾಕಿದರೆ ಹೊಸದೇ ಬರುತ್ತದಲ್ಲ!” ಮಿಕ್ಸಿ ಕೆಟ್ಟಾಗ ಪೇಟೆಯಲ್ಲಿ ಸಿಗುವ ಸಲಹೆ ಇದು. ಮನೆಯ ಹಿರಿಯರದ್ದು ಇನ್ನೊಂದು ವಾದ: “ಓಡುವಷ್ಟು ದಿನ ಓಡಲಿ.” ಎರಡರಲ್ಲೂ ಹುರುಳಿದೆ. ಆದರೆ ಎರಡೂ ಎಲ್ಲ ಯಂತ್ರಕ್ಕೆ ಹೊಂದುವುದಿಲ್ಲ.

ಯಂತ್ರವೊಂದು ಪರಿಸರಕ್ಕೆ ಮೂರು ಸಲ ಹೊರೆಯಾಗುತ್ತದೆ – ತಯಾರಾಗುವಾಗ, ಓಡುವಾಗ, ಗುಜರಿಗೆ ಹೋಗುವಾಗ. ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಿತು.

ಸ್ವಲ್ಪ ಹೊತ್ತು ಓಡುವುದು

750 ವಾಟಿನ ಮಿಕ್ಸಿ ದಿನಕ್ಕೆ 20 ನಿಮಿಷ ಓಡಿದರೆ ಹೆಚ್ಚೆಂದರೆ ಕಾಲು ಯೂನಿಟ್. ಹೊಸದು ತಂದರೂ ಕರೆಂಟು ಅಷ್ಟೇ ಬೇಕು. ಹೊಸದರ ತಾಮ್ರ, ಉಕ್ಕು, ಪ್ಲಾಸ್ಟಿಕ್ಕಿಗೆ ಮಾತ್ರ ಮತ್ತೆ ಗಣಿ ಅಗೆಯಬೇಕು, ಕುಲುಮೆ ಉರಿಯಬೇಕು. ಹಾಗಾಗಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗ್ರೈಂಡರ್ – ಇವುಗಳಿಗೆ ರಿಪೇರಿಯೇ ಸರಿ.

ಮಿಕ್ಸಿ ದಿಢೀರನೆ ನಿಂತರೆ ಮೊದಲು ಅಡಿಯಲ್ಲಿರುವ ಕೆಂಪು ಗುಂಡಿ ಒತ್ತಿ ನೋಡಿ. ಹೊರೆ ಹೆಚ್ಚಾದಾಗ ಅದು ಹೊರಬರುತ್ತದೆ. ವಿಪರೀತ ಕಿಡಿ ಬಂದರೆ ಕಾರ್ಬನ್ ಬ್ರಶ್ ಸವೆದಿರಬಹುದು. ಮೋಟಾರು ತಿರುಗಿ ಜಾರ್ ತಿರುಗದಿದ್ದರೆ ಕಪ್ಲರ್ ನೋಡಿಸಿ. ಕಾಯಿಲ್ ಸುಟ್ಟರೂ ರಿವೈಂಡಿಂಗ್ ಸಾಧ್ಯ.

ಫ್ಯಾನಿನ ಕತೆ

ನಿಧಾನವಾದ ಫ್ಯಾನಿಗೆ ಎಷ್ಟೋ ಸಲ ಕಂಡೆನ್ಸರ್ ಬದಲಿಸಿದರೆ ಸಾಕು. ಆದರೆ ಹಳೆಯ 75 ವಾಟಿನ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ 0.9 ಯೂನಿಟ್. ಈಗಿನ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟಿನದು, ಅದಕ್ಕೆ 0.36 ಯೂನಿಟ್ ಸಾಕು. ವರ್ಷಕ್ಕೆ 200 ದಿನ ಹಾಕಿದರೂ ನೂರು ಯೂನಿಟಿಗೆ ಮೇಲೆ ಉಳಿತಾಯ. ನಿತ್ಯ ಬಳಸುವ ಕೋಣೆಗೆ ಇದನ್ನು ಹಾಕಿ. ನೆಂಟರ ಕೋಣೆಯಲ್ಲಿ ಹಳೆಯದೇ ಇರಲಿ. ಹೊಸದರಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಬೋರ್ಡು ಹೋದರೆ ಬಿಡಿಭಾಗ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ.

ಹಗಲೂ ರಾತ್ರಿ ಓಡುವುದು

ಫ್ರಿಜ್ಜಿಗೆ ಲೆಕ್ಕ ಬೇಕೇ ಬೇಕು. ಮೊದಲು ಬಾಗಿಲಿನ ರಬ್ಬರಿನ ಎಡೆಗೆ ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರು ಬದಲಿಸಿ. ಹಿಂದಿನ ಕೊಳವೆಯ ಧೂಳು ತೆಗೆಯಿರಿ, ಗೋಡೆಯಿಂದ ಸ್ವಲ್ಪ ದೂರ ಇಡಿ.

ಆಮೇಲೆ ಒಂದು ರಾತ್ರಿ ಬೇರೆಲ್ಲ ಆಫ್ ಮಾಡಿ, ಮಲಗುವಾಗ ಮತ್ತು ಎದ್ದಾಗ ಮೀಟರ್ ಓದಿ. ದಿನಕ್ಕೆ ಒಂದೂವರೆ ಯೂನಿಟ್ ಎಂದು ಕಂಡರೆ ವರ್ಷಕ್ಕೆ ಸುಮಾರು 547. ಹೊಸ ಫ್ರಿಜ್ಜಿನ ಸ್ಟಾರ್ ಲೇಬಲಿನಲ್ಲಿ ವರ್ಷದ ಯೂನಿಟ್ ಬರೆದಿರುತ್ತದೆ. ಅಲ್ಲಿ 200 ಎಂದಿದ್ದರೆ ಉಳಿತಾಯ ಸುಮಾರು 347. ನಮ್ಮ ದೇಶದ ಕರೆಂಟಿನ ಯೂನಿಟ್ ಒಂದಕ್ಕೆ ಸುಮಾರು 700 ಗ್ರಾಂ ಇಂಗಾಲದ ಡೈ ಆಕ್ಸೈಡ್. ಅಂದರೆ ವರ್ಷಕ್ಕೆ 240 ಕಿಲೋ ಕಮ್ಮಿ. ಇಲ್ಲಿ ಹೊಸದೇ ಲೇಸು. ಆದರೆ ಹಳೆಯದನ್ನು “ಇರಲಿ” ಎಂದು ಜಗಲಿಯಲ್ಲಿ ಓಡಿಸಿದರೆ ಲೆಕ್ಕ ತಲೆಕೆಳಗು!

ಗುಜರಿಯಲ್ಲಿ ಕಳಕೊಳ್ಳಬೇಡಿ

ಈ ಉಳಿತಾಯ ಒಂದೇ ಏಟಿಗೆ ಹೋಗಬಹುದು. ತಾಮ್ರಕ್ಕಾಗಿ ಕೊಳವೆ ಕತ್ತರಿಸಿದರೆ ಒಳಗಿನ ಗ್ಯಾಸು ಗಾಳಿಗೆ. ಬಹಳ ಹಳೆಯ ಫ್ರಿಜ್ಜಿನ ಆರ್-12 ಗ್ಯಾಸು ಇಂಗಾಲದ ಡೈ ಆಕ್ಸೈಡಿಗಿಂತ ಹತ್ತು ಸಾವಿರ ಪಟ್ಟು ಬಿಸಿಯೇರಿಸುತ್ತದೆ, ಓಝೋನನ್ನೂ ಹಾಳುಮಾಡುತ್ತದೆ. ಇಂಥ ನೂರು ಗ್ರಾಂ ಸೋರಿದರೆ ನಾಲ್ಕು ವರ್ಷದ ಉಳಿತಾಯ ಹೋಯಿತು! ನಂತರ ಬಂದ ಆರ್-134ಎ ಕೂಡ ಸಾವಿರ ಪಟ್ಟಿಗೆ ಮೇಲೆ. ಈಗಿನ ಹಲವು ಫ್ರಿಜ್ಜುಗಳ ಆರ್-600ಎ ಹವೆಗೆ ಹಗುರ, ಆದರೆ ಬೆಂಕಿ ಹಿಡಿಯುವಂಥದ್ದು. ಯಾರ್ಯಾರೋ ಬೆಸುಗೆ ಹಾಕುವುದು ಅಪಾಯ.

ವಯರು ಸುಟ್ಟು ತಾಮ್ರ ತೆಗೆಯುವುದೂ ಬೇಡ. ಪಿವಿಸಿ ಹೊಗೆಯ ಡಯಾಕ್ಸಿನ್ ಹುಲ್ಲಿನ ಮೇಲೆ ಕೂತು, ದನದ ಹೊಟ್ಟೆಗೆ ಹೋಗಿ, ಹಾಲಿನ ಕೊಬ್ಬಿನಲ್ಲಿ ಸೇರುತ್ತದೆ. ಅದನ್ನು ಕುಡಿಯುವವರು ನಾವೇ.

2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿದೆ. ಹೊಸದು ಕೊಳ್ಳುವಾಗ “ಹಳೆಯದನ್ನು ಎಲ್ಲಿಗೆ ಕಳಿಸುತ್ತೀರಿ?” ಎಂದು ಕೇಳಿ. ನೋಂದಾಯಿತ ಮರುಬಳಕೆದಾರರಿಗೆ ಕೊಡುವ ಅಂಗಡಿಗೆ ನೂರಿನ್ನೂರು ಕಮ್ಮಿ ಸಿಕ್ಕರೂ ನಷ್ಟವಿಲ್ಲ.